ಹನ್ನೊಂದನೇ ನಂಬರಿನ ಎರಡನೇ ಅರ್ಧ

ಅರವತ್ತರ ದಶಕದ ಮೊದಮೊದಲ ವರ್ಷಗಳು. ಚಳಿಗಾಲ ಬಂತೆಂದರೆ ಭದ್ರಾವತಿಯ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಿಸಿ ಕಾಫಿ ಕುಡಿಯುವ ಯೋಗ ನನಗಿರಲಿಲ್ಲ. ಲೋಟ ಬಾಯಿಗಿಡುವಷ್ಟರಲ್ಲಿ ಯಾರಾದರೂ ಎದುರು ಬೆಂಚಿಗೆ ಬಂದು ಕೂತು, "ಏನ್ರೀ ಪಂಚಾಂಗ, ಈ ಸಲ ಕಪ್ಪು ಯಾರ್ದು?" ಎಂದು ಶುರು ಮಾಡುತ್ತಿದ್ದರು.

ಪಂಚಾಂಗ ಎಂದರೆ ನಾನು. ಟೈಮ್ ಆಫೀಸಿನ ಗುಮಾಸ್ತ. ಯಾರು ಎಷ್ಟು ಗಂಟೆಗೆ ಗೇಟಿನೊಳಗೆ ಬಂದರು, ಯಾವ ಪಾಳಿ ಮಾಡಿದರು, ಎಷ್ಟಕ್ಕೆ ಹೊರಗೆ ಹೋದರು ಎಂದು ಹಾಜರಿ ಪುಸ್ತಕ ತುಂಬುವುದು ನನ್ನ ಕೆಲಸ. ಸಂಜೆ ಕಾರ್ಖಾನೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ಸ್ಕೋರು ಬರೆಯುವುದು ನನ್ನ ಹುಚ್ಚು. ನಾನೇನೂ ಆಡಿದವನಲ್ಲ. ಚೆಂಡು ಹಿಡಿದರೆ ಕನ್ನಡಕ ಬೀಳುತ್ತಿತ್ತು. ಆದರೆ ಒಂದು ಸಲ ಸ್ಕೋರು ಬರೆಯುವವನಿಗೆ ಜ್ವರ ಬಂದಾಗ ಕೋಚು ನನ್ನ ಕೈಗೆ ಪೆನ್ಸಿಲ್ ಕೊಟ್ಟರು, ಆಮೇಲೆ ಅದು ನನ್ನ ಕೈಯಲ್ಲೇ ಉಳಿಯಿತು.

ಆಗ ಆಟಕ್ಕೆಂದೇ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಪದ್ಧತಿ ಇತ್ತು. ಹೆಸರಿಗೆ ಫಿಟ್ಟರು, ಹೆಲ್ಪರು, ಸ್ಟೋರ್ಸ್ ಅಟೆಂಡರು; ನಿಜವಾಗಿ ಅವರು ಸೆಂಟರು, ಗಾರ್ಡು, ಫಾರ್ವರ್ಡು. ಬೆಂಗಳೂರಿನ ಕಾರ್ಖಾನೆಗಳು, ರೈಲ್ವೆಯವರು, ಪೊಲೀಸಿನವರು, ದಾವಣಗೆರೆಯ ಒಂದು ಬಟ್ಟೆ ಮಿಲ್ಲು, ಎಲ್ಲರೂ ಹೀಗೇ ತಂಡ ಕಟ್ಟುತ್ತಿದ್ದರು. ಚಳಿಗಾಲದಲ್ಲಿ ಶಿವಮೊಗ್ಗದ ಮೈದಾನದಲ್ಲಿ ಎಂಟು ತಂಡಗಳ ಪಂದ್ಯಾವಳಿ. ಮೊದಲು ಎಲ್ಲರೂ ಎಲ್ಲರ ಜೊತೆ ಆಡಬೇಕು. ಮೇಲೆ ಉಳಿದ ನಾಲ್ಕು ತಂಡಗಳಿಗೆ ನಾಕೌಟು. ಅಲ್ಲಿ ಸೋತರೆ ಮನೆಗೆ.

ನನ್ನ ಸ್ಕೋರು ಪುಸ್ತಕದಲ್ಲಿ ಒಂದು ಪಂದ್ಯಕ್ಕೆ ಎರಡು ಪುಟ. ಆಟಗಾರರ ಹೆಸರು ಬರೆಯುತ್ತಿರಲಿಲ್ಲ, ಬನಿಯನ್ನಿನ ನಂಬರು ಮಾತ್ರ. ಬುಟ್ಟಿ ಬಿದ್ದರೆ ಒಂದು ಸುತ್ತು, ಫೌಲಾದರೆ ಒಂದು ಅಡ್ಡಗೆರೆ. ಮೊದಲ ಇಪ್ಪತ್ತು ನಿಮಿಷ ನೀಲಿ ಪೆನ್ಸಿಲ್, ಎರಡನೇ ಇಪ್ಪತ್ತು ನಿಮಿಷ ಕೆಂಪು. ಇದು ನಾನೇ ಮಾಡಿಕೊಂಡ ಏರ್ಪಾಡು. ಪುಟದ ಮೇಲೆ ಕಣ್ಣಾಡಿಸಿದರೆ ಸಾಕು, ಯಾವ ತಂಡ ಮೊದಲಿಗೆ ಹಾರಾಡಿ ಆಮೇಲೆ ಕೂರುತ್ತದೆ, ಯಾವುದು ನಿಧಾನಕ್ಕೆ ಏಳುತ್ತದೆ ಎಂದು ಬಣ್ಣದಲ್ಲೇ ಗೊತ್ತಾಗುತ್ತಿತ್ತು. ಬೇರೆ ತಂಡಗಳ ಪಂದ್ಯಕ್ಕೂ ಹೋಗಿ ಬರೆದುಕೊಂಡು ಬರುತ್ತಿದ್ದೆ. ಅದರ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಟಿಪ್ಪಣಿ: ರೈಲ್ವೆಯ ಸೆಂಟರಿನ ಬಲ ಮೊಣಕಾಲಿಗೆ ಪಟ್ಟಿ, ಮಿಲ್ಲಿನವರು ಮಧ್ಯಂತರದಲ್ಲಿ ಜಗಳ ಆಡಿಕೊಂಡರು, ಪೊಲೀಸಿನವರಿಗೆ ಬದಲಿ ಆಟಗಾರರೇ ಇಲ್ಲ.

ಹೀಗಾಗಿ ನಾನು ಹೇಳಿದ್ದು ಸಾಮಾನ್ಯವಾಗಿ ಸುಳ್ಳಾಗುತ್ತಿರಲಿಲ್ಲ. ಎರಡು ವರ್ಷ ಫೈನಲ್ಲಿಗೆ ಬರುವ ತಂಡಗಳನ್ನು ಸರಿಯಾಗಿ ಹೇಳಿದ್ದೆ. ಪಂಚಾಂಗ ಎಂಬ ಹೆಸರು ಬಿದ್ದದ್ದು ಹಾಗೆ. ಆ ಹೆಸರು ನನಗೆ ಇಷ್ಟವೂ ಆಗಿತ್ತು, ಸುಳ್ಳೇಕೆ ಹೇಳಲಿ.

ನಾನು ಹೇಳಹೊರಟ ವರ್ಷ ನಮ್ಮ ತಂಡದ ಹತ್ತು ಜನರಲ್ಲಿ ಎಂಟು ಜನ ಖಾಯಂ ನೌಕರರು, ಇಬ್ಬರು ಟೆಂಪರರಿ. ಅವರಲ್ಲೊಬ್ಬ ತುಂಬ ಉದ್ದನೆಯವನು. ಸ್ಟೋರ್ಸಿನಲ್ಲಿ ಸ್ಟೂಲಿನ ಮೇಲೆ ಕೂತು ಚೀಟಿ ನೋಡಿ ಸಾಮಾನು ಕೊಡುವ ಕೆಲಸ. ಇನ್ನೊಬ್ಬ ಎಡಗೈ ಆಟಗಾರ, ಬನಿಯನ್ ನಂಬರು ಹನ್ನೊಂದು. ಅವನಿಗೆ ಯಾರ್ಡಿನಲ್ಲಿ ಕೆಲಸ ಎಂದಷ್ಟೇ ನನಗೆ ಗೊತ್ತಿತ್ತು. ಆಟಗಾರರ ಕೋಟಾದಲ್ಲಿ ಆ ವರ್ಷ ಖಾಯಂ ಮಾಡಲು ಇದ್ದದ್ದು ಒಂದೇ ಜಾಗ. ಇಬ್ಬರಲ್ಲಿ ಒಬ್ಬರಿಗೆ. ಇದು ಇಬ್ಬರಿಗೂ ಗೊತ್ತು, ಎಲ್ಲರಿಗೂ ಗೊತ್ತು.

ಎಡಗೈಯವನು ಶಿವಮೊಗ್ಗದ ಹೊಸಮನೆ ಬಡಾವಣೆಯವನು. ಎರಡು ಕೋಣೆಯ ಮನೆ, ಅಣ್ಣನ ಸಂಸಾರ, ತಾಯಿ. ಇವನಿಗೆ ಮದುವೆಯಾಗಿ ವರ್ಷವಾಗಿತ್ತು. ಹೆಂಡತಿ ಆಯನೂರಿನಲ್ಲಿ ತವರುಮನೆಯಲ್ಲೇ ಇದ್ದಳು, ಯಾಕೆಂದರೆ ಹೊಸಮನೆಯ ಮನೆಯಲ್ಲಿ ಇನ್ನೊಂದು ಚಾಪೆ ಹಾಸಲು ಜಾಗವಿರಲಿಲ್ಲ. ಖಾಯಂ ಆದರೆ ಭದ್ರಾವತಿಯಲ್ಲಿ ಕ್ವಾರ್ಟರ್ಸು ಸಿಗುತ್ತಿತ್ತು.

ಪಂದ್ಯದ ದಿನ ಮಧ್ಯಾಹ್ನ ಎರಡೂವರೆಗೆ ಕಾರ್ಖಾನೆಯ ಗೇಟಿನಿಂದ ಲಾರಿ ಹೊರಡುತ್ತಿತ್ತು. ನಾನೂ ಅರ್ಧ ದಿನ ರಜೆ ಹಾಕಿ ಹತ್ತಿಕೊಳ್ಳುತ್ತಿದ್ದೆ. ಒಂದು ದಿನ ಅವನು ನನ್ನ ಪಕ್ಕ ಕೂತು ಕೇಳಿದ.

"ಸಾರ್, ನೀವು ಕ್ವಾರ್ಟರ್ಸ್‌ನಲ್ಲೇ ಇರೋದಲ್ವಾ? ಅಲ್ಲಿ ನಲ್ಲಿ ಒಳಗಿರುತ್ತಾ, ಹೊರಗಾ?"

"ಮೇಲಿನ ಸಾಲಲ್ಲಿ ಒಳಗೆ. ಕೆಳಗಿನ ಸಾಲಲ್ಲಿ ನಾಲ್ಕು ಮನೆಗೆ ಒಂದು, ಹೊರಗೆ. ಯಾಕಪ್ಪಾ?"

"ಹಂಗೇ ಕೇಳ್ದೆ ಸಾರ್. ಮನೆಯೋರು ಕೇಳ್ತಾ ಇದ್ರು. ಆಯನೂರಲ್ಲಿ ಬಾವಿ ದೂರ." ಮತ್ತೆ ತಾನೇ, "ಹೊರಗಿದ್ರೂ ಚಿಂತಿಲ್ಲ. ನಾನೇ ತುಂಬಿ ಇಟ್ಟು ಹೋಗ್ತೀನಿ" ಎಂದ.

ಎದುರು ಕೂತಿದ್ದ ಉದ್ದನೆಯವನು ನಕ್ಕ. "ಏ ಮಾರಾಯ, ಮನೆ ಸಿಗೋ ಮುಂಚೆನೇ ನೀರು ತುಂಬ್ತೀಯಲ್ಲ. ಆ ಮನೆ ನನಗೆ ಬಂದ್ರೆ?"

"ನಿನಗೆ ಬಂದ್ರೆ ಬಾಗ್ಲು ಕುಯ್ಸಬೇಕು, ನೀನು ಒಳಗೆ ಹೋಗಲ್ಲ" ಎಂದ ಎಡಗೈಯವನು. ಲಾರಿಯೆಲ್ಲ ನಕ್ಕಿತು. ಆಮೇಲೆ ಅವನು ಪಕ್ಕದ ಹಲಗೆಗೆ ತಲೆ ಆನಿಸಿ ನಿದ್ದೆ ಹೋದ. ಆ ರಸ್ತೆಯ ಗುಂಡಿಗಳಲ್ಲಿ, ಆ ಲಾರಿಯಲ್ಲಿ, ಬಾಯಿ ತೆರೆದುಕೊಂಡು. ಉಳಿದವರು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಪಂದ್ಯದ ಮಾತಾಡುತ್ತಿದ್ದರೆ ಇವನು ಹೀಗೆ. ನಾನು ಪುಸ್ತಕ ತೆಗೆದು ಅಂಚಿನಲ್ಲಿ ಬರೆದುಕೊಂಡೆ: ಹನ್ನೊಂದು, ಲಾರಿ ಹತ್ತಿದ ಕೂಡಲೇ ನಿದ್ದೆ, ಪಂದ್ಯದ ಯೋಚನೆ ಇಲ್ಲ.

ಲೀಗಿನ ಏಳು ಪಂದ್ಯ ಮುಗಿಯುವಷ್ಟರಲ್ಲಿ ಅವನ ಸಾಲು ನನಗೊಂದು ಒಗಟಾಗಿತ್ತು. ಮೊದಲ ಅರ್ಧದಲ್ಲಿ ಅವನಂಥ ಆಟಗಾರ ಆ ಎಂಟು ತಂಡಗಳಲ್ಲಿ ಇರಲಿಲ್ಲ. ಎಡಕ್ಕೆ ಹೋಗುತ್ತಾನೆಂದು ಗೊತ್ತಿದ್ದೂ ಯಾರಿಗೂ ತಡೆಯಲಾಗುತ್ತಿರಲಿಲ್ಲ. ನೀಲಿ ಸುತ್ತುಗಳು ಸಾಲಾಗಿ ಬೀಳುತ್ತಿದ್ದವು. ಎರಡನೇ ಅರ್ಧ ಶುರುವಾಗಿ ಐದು ನಿಮಿಷಕ್ಕೆ ಅವನು ಬೇರೆ ಮನುಷ್ಯ. ಚೆಂಡು ಹೋದರೆ ಹಿಂದೆ ಓಡುತ್ತಿರಲಿಲ್ಲ. ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಿದ್ದ. ಕೆಂಪು ಒಂದೋ ಎರಡೋ ಸುತ್ತು, ಉಳಿದದ್ದು ಖಾಲಿ. ಆದರೆ ಏಳರಲ್ಲಿ ಎರಡು ಪಂದ್ಯ ಭಾನುವಾರ ಬಂದಿದ್ದವು. ಆ ಎರಡರಲ್ಲಿ ಮಾತ್ರ ನೀಲಿಯಷ್ಟೇ ಕೆಂಪು. ಕೊನೆಯ ಸೀಟಿಯವರೆಗೂ ಓಡಿದ್ದ.

ಭಾನುವಾರ ಮೈದಾನದ ತುಂಬ ಜನ ಬರುತ್ತಿದ್ದರು. ತರಕಾರಿ ಮಂಡಿಯವರು, ಗ್ಯಾರೇಜಿನವರು, ಕಾಲೇಜಿನವರು. ಹೊಸಮನೆಯಿಂದ ಅವನ ಪರಿಚಯದವರು ಗುಂಪುಗುಂಪಾಗಿ ಬಂದು ಕೂಗುತ್ತಿದ್ದರು. ವಾರದ ದಿನ ನೂರು ಜನವೂ ಇರುತ್ತಿರಲಿಲ್ಲ. ನನಗೆ ಉತ್ತರ ಸಿಕ್ಕಿಬಿಟ್ಟಿತು. ಇವನು ಜನ ನೋಡುತ್ತಿದ್ದರೆ ಆಡುವವನು.

ನಮ್ಮ ತಂಡ ಮೂರನೆಯದಾಗಿ ನಾಕೌಟಿಗೆ ಬಂತು. ಮಾರನೇ ದಿನ ವೆಲ್‌ಫೇರ್ ಆಫೀಸರು ನನ್ನನ್ನು ಕರೆಸಿದರು. ಆಟ, ನಾಟಕ, ಕ್ವಾರ್ಟರ್ಸು, ಎಲ್ಲ ಅವರ ಕೈಯಲ್ಲಿ. ಸಭ್ಯ ಮನುಷ್ಯ, ಯಾರನ್ನೂ ನಿಲ್ಲಿಸಿ ಮಾತಾಡಿಸುತ್ತಿರಲಿಲ್ಲ.

"ಕೂತ್ಕೊಳ್ಳಿ. ನಿಮ್ಮ ಪುಸ್ತಕದ ವಿಷಯ ಕೋಚು ಹೇಳಿದ್ರು. ನನಗೊಂದು ಉಪಕಾರ ಆಗ್ಬೇಕಲ್ಲ."

"ಹೇಳಿ ಸಾರ್."

"ನಾಲ್ಕು ತಂಡಗಳು ಉಳಿದಿವೆ. ಯಾರಿಗೆ ಎಷ್ಟು ಚಾನ್ಸು, ನಮ್ಮೋರಲ್ಲಿ ಯಾರನ್ನ ನಂಬಬಹುದು, ಯಾರನ್ನ ನಂಬಬಾರದು, ಒಂದು ಹಾಳೇಲಿ ಬರೆದುಕೊಡಿ. ಕ್ಯಾಂಟೀನಲ್ಲಿ ಹೇಳೋ ಹಾಗಲ್ಲ, ಪುಸ್ತಕ ನೋಡಿ ಬರೀರಿ."

ಕಾರ್ಖಾನೆಗೆ ಸೇರಿದ ಮೇಲೆ ನನ್ನ ಅಭಿಪ್ರಾಯವನ್ನು ಯಾರಾದರೂ ಕಾಗದದ ಮೇಲೆ ಕೇಳಿದ್ದು ಅದೇ ಮೊದಲು. ಅಂದು ಸಂಜೆ ಮನೆಯಲ್ಲಿ ಊಟದ ಮಣೆಯನ್ನೇ ಮೇಜು ಮಾಡಿಕೊಂಡು ಕೂತೆ. ಬರೆದೆ, ಹರಿದೆ, ಮತ್ತೆ ಬರೆದೆ. ಬೆಂಗಳೂರಿನವರು ಎಲ್ಲರಿಗಿಂತ ಬಲಿಷ್ಠರು, ಎರಡನೇ ಅರ್ಧವೇ ಅವರದು. ರೈಲ್ವೆಯವರನ್ನು ನಾವು ಸೋಲಿಸಬಹುದು, ಅವರ ಸೆಂಟರಿನ ಮೊಣಕಾಲು ಹೆಚ್ಚು ದಿನ ತಡೆಯುವುದಿಲ್ಲ. ಮಿಲ್ಲಿನವರು ಒಬ್ಬರನ್ನೊಬ್ಬರು ನಂಬುವುದಿಲ್ಲ. ನಾವು ಫೈನಲ್ಲಿಗೆ ಹೋಗುತ್ತೇವೆ, ಅಲ್ಲಿ ಬೆಂಗಳೂರಿನವರಿಗೆ ಸ್ವಲ್ಪದರಲ್ಲಿ ಸೋಲುತ್ತೇವೆ.

ಆಮೇಲೆ ಹನ್ನೊಂದನೇ ನಂಬರು. ನನ್ನ ಹೆಂಡತಿ ಬೇಳೆ ಆರಿಸುತ್ತ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಓದಿ ಹೇಳಿದೆ.

"ಈತ ಭಾನುವಾರ ಮಾತ್ರ ಪೂರ್ತಿ ಆಡ್ತಾನೆ, ನೋಡು. ವಾರದ ದಿನ ಅರ್ಧಕ್ಕೇ ಕೈಬಿಡ್ತಾನೆ. ಜನ ಬೇಕು ಅವನಿಗೆ."

"ಭಾನುವಾರ ಎಲ್ಲರೂ ಚೆನ್ನಾಗೇ ಇರ್ತಾರೆ. ನೀವೂ ಭಾನುವಾರ ಮನುಷ್ಯರ ಥರ ಇರ್ತೀರಿ" ಎಂದಳು ಅವಳು, ಮೊರದಿಂದ ತಲೆ ಎತ್ತದೆ.

ನಾನು ನಕ್ಕು ಬರೆಯತೊಡಗಿದೆ. ಆ ವಾಕ್ಯ ಇವತ್ತಿಗೂ ನನಗೆ ಬಾಯಿಪಾಠ. "ಹನ್ನೊಂದನೇ ನಂಬರಿನ ಆಟಗಾರ ಪ್ರತಿಭಾವಂತ, ಆದರೆ ಪ್ರೇಕ್ಷಕರು ಹೆಚ್ಚಿದ್ದಾಗ ಮಾತ್ರ ಮನಸ್ಸಿಟ್ಟು ಆಡುತ್ತಾನೆ, ಪೂರ್ತಿ ಪಂದ್ಯಕ್ಕೆ ಇವನನ್ನು ನೆಚ್ಚುವಂತಿಲ್ಲ." ಉದ್ದನೆಯವನ ಬಗ್ಗೆ ಬರೆದದ್ದು ಸಾಧಾರಣ ಮಾತು: ಎರಡೂ ಅರ್ಧ ಒಂದೇ ಸಮ, ನಂಬಬಹುದು.

ಆಫೀಸರು ಹಾಳೆಯನ್ನು ಎರಡು ಸಲ ಓದಿದರು. "ಇಷ್ಟು ಚೊಕ್ಕವಾಗಿ ನಮ್ಮ ಇಂಜಿನಿಯರುಗಳೂ ಬರೆಯಲ್ಲ" ಎಂದರು. ನಾನು ಅದನ್ನು ಮನೆಗೆ ಬಂದು ಹೇಳಿದೆ. ಕ್ಯಾಂಟೀನಿನಲ್ಲೂ ಹೇಳಿದೆ.

ಸೆಮಿಫೈನಲ್ಲು ಒಂದು ಬುಧವಾರ. ಎಡಗೈಯವನನ್ನು ಮೊದಲ ಐವರಲ್ಲಿ ಇಳಿಸಲಿಲ್ಲ. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬೆಂಚಿನ ಕೊನೆಯಲ್ಲಿ, ನನ್ನ ಮೇಜಿಗೆ ಹತ್ತಿರವೇ ಕೂತಿದ್ದ. ಒಂದು ಸಲ ಕೋಚಿನ ಹತ್ತಿರ ಹೋಗಿ ಏನೋ ಕೇಳಿದ. ತಮಿಳುನಾಡಿನ ಕಡೆಯಿಂದ ಬಂದ ಕೋಚು ಅವನ ಭುಜ ತಟ್ಟಿ, "ಕೂತ್ಕೋಪ್ಪಾ, ಕರೀತೀನಿ. ಮೇಲಿಂದ ಹೇಳಿದಾರೆ" ಎಂದದ್ದು ನನಗೆ ಕೇಳಿಸಿತು. ಯಾರು ಹೇಳಿದ್ದು, ಯಾಕೆ ಹೇಳಿದ್ದು ಎಂದು ನನಗೆ ಗೊತ್ತಿತ್ತು. ಪೆನ್ಸಿಲು ಚೂಪು ಮಾಡಿಕೊಂಡೆ.

ಕೊನೆಯ ಐದು ನಿಮಿಷಕ್ಕೆ ಅವನನ್ನು ಇಳಿಸಿದರು. ಅಷ್ಟರಲ್ಲಿ ನಾವು ಮುಂದಿದ್ದೆವು. ಚೆಂಡು ಹಿಡಿಯಲು ಹೋಗಿ ಎಡಗೈಯ ನಡುಬೆರಳು ಉಳುಕಿತು. ಬಿಳಿ ಪ್ಲಾಸ್ಟರು ಸುತ್ತಿಕೊಂಡೇ ಆಡಿದ. ಅದನ್ನೂ ಅಂಚಿನಲ್ಲಿ ಬರೆದುಕೊಂಡೆ. ರೈಲ್ವೆಯವರ ಸೆಂಟರು ಕುಂಟಿದ, ನಾವು ಗೆದ್ದೆವು. ನನ್ನ ಹಾಳೆಯಲ್ಲಿ ಇದ್ದ ಹಾಗೇ.

ಮಾರನೇ ದಿನ ಗುರುವಾರ. ಟೈಮ್ ಆಫೀಸಿನ ಕಿಟಕಿಯ ಬಗ್ಗೆ ಇಲ್ಲಿ ಹೇಳಬೇಕು. ಅದು ಸೊಂಟದ ಎತ್ತರಕ್ಕಿದ್ದ, ಒಂದು ಗೇಣು ಅಗಲದ ಕಂಡಿ. ಪಾಳಿ ಮುಗಿದವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅದರೊಳಗೆ ತಳ್ಳಿ ಹೋಗುತ್ತಿದ್ದರು. ಒಳಗೆ ಕೂತವನಿಗೆ ಕಾಣುವುದು ಕೈ ಮತ್ತು ಬಿಲ್ಲೆ, ಮುಖವಲ್ಲ. ಖಾಯಂ ನೌಕರರ ಹೆಸರಾದರೂ ಪುಸ್ತಕದಲ್ಲಿರುತ್ತಿತ್ತು. ಟೆಂಪರರಿಯವರಿಗೆ ಅದೂ ಇಲ್ಲ, ಬರಿಯ ಬಿಲ್ಲೆ ನಂಬರು. ಎರಡು ಗಂಟೆಗೆ ಯಾವಾಗಲೂ ಆ ಕಿಟಕಿಯಲ್ಲಿ ಕೂರುತ್ತಿದ್ದವನು ನನ್ನ ಜೊತೆಯ ಇನ್ನೊಬ್ಬ ಗುಮಾಸ್ತ. ಅವನು ಬೋರ್ಡಿಗೆ ಸಿಕ್ಕಿಸಿದ ಬಿಲ್ಲೆಗಳನ್ನು ನೋಡಿ ನಾನು ಪುಸ್ತಕ ತುಂಬುತ್ತಿದ್ದೆ. ಅಂದು ಅವನು ರಜೆ. ನಾನು ಕೂತಿದ್ದೆ.

ಯಾರ್ಡಿನ ಟೆಂಪರರಿಯವರ ಸಾಲು ಬಂತು. ಬೀಡುಕಬ್ಬಿಣದ ಗಟ್ಟಿಗಳನ್ನು ಹೊತ್ತು ವ್ಯಾಗನ್ನಿಗೆ ತುಂಬುವವರು. ಕಪ್ಪಾದ, ಗೀರು ಬಿದ್ದ ಕೈಗಳು ಒಂದಾದ ಮೇಲೊಂದು. ಅವುಗಳ ನಡುವೆ ಒಂದು ಎಡಗೈ ಬಂತು. ನಡುಬೆರಳಿಗೆ ಪ್ಲಾಸ್ಟರು. ಬಿಳಿಯಾಗಿದ್ದದ್ದು ಮಸಿಯಾಗಿತ್ತು, ಅಷ್ಟೇ.

ಬಿಲ್ಲೆ ಬಿಟ್ಟು ಕೈ ಹೋಯಿತು. ನಾನು ಅದನ್ನು ಬೋರ್ಡಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡೆ. ಸಾಲು ಮುಗಿದ ಮೇಲೆ ಹಾಜರಿ ಪುಸ್ತಕ ತೆಗೆದು ಆ ನಂಬರು ಹುಡುಕಿದೆ. ಚೀಲದಲ್ಲಿದ್ದ ಸ್ಕೋರು ಪುಸ್ತಕವನ್ನೂ ತೆಗೆದು ಪಕ್ಕಕ್ಕಿಟ್ಟೆ. ಲೀಗಿನ ಮೊದಲ ಪಂದ್ಯ ಸೋಮವಾರ: ಆ ಬಿಲ್ಲೆ ಬೆಳಿಗ್ಗೆ ಆರಕ್ಕೆ ಒಳಗೆ, ಎರಡಕ್ಕೆ ಹೊರಗೆ. ಎರಡನೆಯದು ಗುರುವಾರ: ಆರು, ಎರಡು. ವಾರದ ದಿನದ ಐದು ಪಂದ್ಯಕ್ಕೂ ಹಾಗೇ. ನಿನ್ನೆಯ ಸೆಮಿಫೈನಲ್ಲಿಗೂ ಹಾಗೇ. ಭಾನುವಾರ ಮಾತ್ರ ಯಾರ್ಡಿಗೆ ರಜೆ. ಹಾಜರಿ ಪುಸ್ತಕದ ಆ ಎರಡು ಮನೆಗಳಲ್ಲಿ ನಾನೇ ಎಳೆದ ಅಡ್ಡಗೆರೆ.

ಪಂದ್ಯದ ದಿನ ಆಟಗಾರರಿಗೆ ಕೆಲಸವಿಲ್ಲ, ಆನ್ ಡ್ಯೂಟಿ ಚೀಟಿ ಕೊಡುತ್ತಾರೆ. ಆ ಚೀಟಿಗಳನ್ನು ಬರೆಯುತ್ತಿದ್ದವನು ನಾನೇ. ಪ್ರತಿ ಸಲವೂ ಎಂಟು ಚೀಟಿ. ಖಾಯಂ ಆದವರಿಗೆ ಮಾತ್ರ ಎಂಬುದು ನಿಯಮ. ಟೆಂಪರರಿಯವರು ಒಂದು ದಿನ ತಪ್ಪಿಸಿದರೂ ಆಬ್ಸೆಂಟು, ಆಬ್ಸೆಂಟು ಬಿದ್ದರೆ ಖಾಯಂ ಮಾಡುವಂತಿಲ್ಲ. ಅದೂ ನಿಯಮವೇ, ಅದೂ ನನಗೆ ಗೊತ್ತಿದ್ದದ್ದೇ. ಉದ್ದನೆಯವನೂ ಪಾಳಿ ಮಾಡಿಯೇ ಬರುತ್ತಿದ್ದ, ಆದರೆ ಅವನದು ಸ್ಟೂಲಿನ ಮೇಲಿನ ಕೆಲಸ. ಇವನು ನಾಲ್ಕಕ್ಕೆ ಎದ್ದು, ಹೊಸಮನೆಯಿಂದ ನಡೆದು, ಮೊದಲ ಬಸ್ಸು ಹಿಡಿದು ಭದ್ರಾವತಿಗೆ ಬಂದು, ಎಂಟು ಗಂಟೆ ಕಬ್ಬಿಣ ಹೊತ್ತು, ಲಾರಿಯಲ್ಲಿ ತಿರುಗಿ ಅದೇ ಶಿವಮೊಗ್ಗಕ್ಕೆ ಹೋಗಿ ಆಡುತ್ತಿದ್ದ. ಲಾರಿಯಲ್ಲಿ ನಿದ್ದೆ. ಪಂದ್ಯದ ಯೋಚನೆ ಇಲ್ಲ ಎಂದು ಬರೆದಿದ್ದೆ ನಾನು.

ಎರಡು ಪುಸ್ತಕವೂ ನನ್ನ ಕೈಬರಹ. ಒಂದರಲ್ಲಿ ಅವನು ಹನ್ನೊಂದು, ಇನ್ನೊಂದರಲ್ಲಿ ಬಿಲ್ಲೆಯ ನಂಬರು. ಅಂದಿನವರೆಗೆ ಎರಡನ್ನೂ ಒಂದು ಮೇಜಿನ ಮೇಲೆ ಇಟ್ಟವನಲ್ಲ ನಾನು.

ಶುಕ್ರವಾರ ಬೆಳಿಗ್ಗೆ ಎರಡೂ ಪುಸ್ತಕ ಹಿಡಿದುಕೊಂಡು ವೆಲ್‌ಫೇರ್ ಆಫೀಸರ ಕೋಣೆಗೆ ಹೋದೆ. ಅವರು ಸಮಾಧಾನವಾಗಿ ಎಲ್ಲ ನೋಡಿದರು. ಬೆರಳಿಟ್ಟು ತಾರೀಕು ತಾಳೆ ಹಾಕಿದರು.

"ಹೌದಲ್ಲ" ಎಂದರು. "ಪಾಪ."

"ನಾನು ಬರೆದದ್ದು ತಪ್ಪು ಸಾರ್. ಆ ಹಾಳೆ ವಾಪಸ್ ಕೊಟ್ರೆ ಬೇರೆ ಬರೆದುಕೊಡ್ತೀನಿ."

"ಹಾಳೆ ನನ್ನ ಹತ್ರ ಎಲ್ಲಿದೆ? ಖಾಯಂ ಮಾಡೋ ಫೈಲಿಗೆ ಸೇರಿಸಿ ಮೇಲಕ್ಕೆ ಕಳಿಸಿದೆ. ಕಾರಣ ಅಂತ ಏನಾದ್ರೂ ತೋರಿಸ್ಬೇಕಲ್ಲ ನಾನೂ. ನೀವು ಅಷ್ಟು ಚೆನ್ನಾಗಿ ಬರೆದಿದ್ರಿ."

"ಇನ್ನೊಂದು ಕಾಗದ ಕಳಿಸಬಹುದಲ್ಲ ಸಾರ್?"

ಅವರು ಪುಸ್ತಕಗಳನ್ನು ಮುಚ್ಚಿ ನನ್ನ ಕಡೆ ತಳ್ಳಿದರು. "ಏನಂತ ಕಳಿಸ್ಲಿ ಹೇಳಿ. ಎಂಟು ಗಂಟೆ ಕಬ್ಬಿಣ ಹೊತ್ತೋನನ್ನ ಅದೇ ದಿನ ನಾವು ಆಡಿಸಿದೀವಿ ಅಂತಲಾ? ಆರು ಸಲ? ಯಾರು ಆಡಿಸಿದ್ದು ಅಂತ ಕೇಳಿದ್ರೆ ಕೋಚು, ನಾನು. ಯಾರು ಬರೆದುಕೊಂಡಿದ್ದು ಅಂದ್ರೆ ನೀವು." ಆಮೇಲೆ ಮೆತ್ತಗೆ, "ಭಾನುವಾರ ಫೈನಲ್ ಆಗ್ಲಿ. ಅವನು ಚೆನ್ನಾಗಿ ಆಡಿದ್ರೆ ನೋಡೋಣ" ಎಂದರು.

ನಾನು ಒಪ್ಪಿಕೊಂಡು ಬಂದೆ. ಭಾನುವಾರವಲ್ಲವೇ, ಮಲಗಿ ಎದ್ದು ಬರುತ್ತಾನೆ, ಚೆನ್ನಾಗಿಯೇ ಆಡುತ್ತಾನೆ ಎಂದು ಲೆಕ್ಕ ಹಾಕಿದೆ. ಆ ಲೆಕ್ಕದಲ್ಲೂ ನಾನು ಒಂದು ವಿಷಯ ಬಿಟ್ಟಿದ್ದೆ.

ಫೈನಲ್ಲಿನ ದಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಣ್ಣದ ಗೆರೆಯವರೆಗೂ ಜನ ಬಂದು ಕೂತಿದ್ದರು. ಹೊಸಮನೆಯವರದೇ ಒಂದು ಮೂಲೆ. ಆಫೀಸರು ನನ್ನ ಮೇಜಿನ ಹಿಂದೆಯೇ ಕುರ್ಚಿ ಹಾಕಿಸಿಕೊಂಡಿದ್ದರು. ಗೆದ್ದ ತಂಡವನ್ನು ಬದಲಾಯಿಸಬಾರದೆಂದು ಬುಧವಾರದ ಐವರನ್ನೇ ಇಳಿಸಿದರು. ಮೊದಲ ಅರ್ಧ ಮುಗಿದಾಗ ನಾವು ಬಹಳ ಹಿಂದೆ. ಎರಡನೇ ಅರ್ಧ ಶುರುವಾದಾಗ ಕೋಚು ಎಡಗೈಯವನ ಕಡೆ ನೋಡಿ ತಲೆ ಆಡಿಸಿದರು. ಅವನು ಟವೆಲ್ಲನ್ನು ನನ್ನ ಮೇಜಿನ ಮೂಲೆಯಲ್ಲಿಟ್ಟು, "ಬೀಳದ ಹಂಗೆ ನೋಡ್ಕೊಳ್ಳಿ ಸಾರ್" ಎಂದು ಹೋದ.

ಆ ಇಪ್ಪತ್ತು ನಿಮಿಷದಂಥ ಆಟ ನಾನು ಆಮೇಲೆ ನೋಡಿಲ್ಲ. ಪ್ಲಾಸ್ಟರು ಸುತ್ತಿದ ಕೈಯಿಂದಲೇ ಚೆಂಡನ್ನು ಬುಟ್ಟಿಗೆ ಹಾಕಿದ. ಎಡಕ್ಕೆ ಹೋದ, ಎಡಕ್ಕೆ ಬಿಡದಿದ್ದಾಗ ಬಲಕ್ಕೆ ಹೋದ. ಚೆಂಡು ಕಳೆದುಕೊಂಡರೆ ಹಿಂದೆ ಓಡಿ ಕಿತ್ತುಕೊಂಡ. ಕೆಂಪು ಸುತ್ತುಗಳಿಗೆ ನನ್ನ ಪುಟದಲ್ಲಿ ಜಾಗ ಸಾಲದೆ ಅಂಚಿಗೆ ಹೋದೆ. ಜನ ಎದ್ದು ನಿಂತಿದ್ದರು. ಬೆಂಗಳೂರಿನವರ ಮುಖದಲ್ಲಿ ಮೊದಲ ಸಲ ಗಾಬರಿ ಕಂಡಿತು. ಒಂದೇ ಒಂದು ಬುಟ್ಟಿಯ ಅಂತರ ಉಳಿದಿದ್ದಾಗ ಕೊನೆಯ ಸೀಟಿ ಊದಿದರು.

ನಾನು ಹಿಂದೆ ತಿರುಗಿ ಆಫೀಸರ ಕಡೆ ನೋಡಿದೆ. ಅವರ ಕಣ್ಣಲ್ಲಿ ಮೆಚ್ಚಿಗೆ ಇತ್ತು. ಮುಂದಕ್ಕೆ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದರು: "ನೀವು ಬರೆದದ್ದು ಅಕ್ಷರಶಃ ನಿಜ ಕಣ್ರೀ. ಜನ ಇದ್ರೆ ಹೇಗೆ ಆಡ್ತಾನೆ ನೋಡಿ."

ನಾನು ಬಿಟ್ಟ ವಿಷಯ ಇದು. ಅವನು ಕೆಟ್ಟದಾಗಿ ಆಡಿದರೂ ನನ್ನ ವಾಕ್ಯ ನಿಜವಾಗುತ್ತಿತ್ತು, ಚೆನ್ನಾಗಿ ಆಡಿದರೂ ನಿಜವಾಗುತ್ತಿತ್ತು.

"ಸಾರ್, ಶುಕ್ರವಾರ ತೋರಿಸಿದೆನಲ್ಲ" ಎಂದೆ. ಗದ್ದಲದಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ. ಬಹುಮಾನದ ಮೇಜಿನ ಕಡೆ ಹೊರಟುಹೋದರು.

ಸೋಮವಾರ ಕ್ಯಾಂಟೀನಿನಲ್ಲಿ ನನ್ನ ಬೆನ್ನು ತಟ್ಟದವರಿಲ್ಲ. ಫೈನಲ್ಲಿಗೆ ಹೋಗುತ್ತೇವೆ ಎಂದಿದ್ದೆ, ಹೋದೆವು. ಬೆಂಗಳೂರಿನವರಿಗೆ ಸ್ವಲ್ಪದರಲ್ಲಿ ಸೋಲುತ್ತೇವೆ ಎಂದಿದ್ದೆ, ಸೋತೆವು. "ಪಂಚಾಂಗ ಸುಳ್ಳಾಗ್ಲಿಲ್ಲ ಬಿಡ್ರಿ" ಎಂದು ಒಬ್ಬರು ನನ್ನ ಕಾಫಿಗೂ ಸೇರಿಸಿ ಕೂಪನ್ನು ಕೊಟ್ಟರು. ಅದೇ ವಾರ ನೋಟೀಸು ಬೋರ್ಡಿನಲ್ಲಿ ಉದ್ದನೆಯವನ ಹೆಸರು ಬಂತು. ಅವನು ಒಳ್ಳೆಯವನೇ. ಬೋರ್ಡಿನ ಮುಂದೆ ನಿಂತು ಖುಷಿ ಪಡಲೂ ಆಗದೆ, ಮರೆಮಾಚಲೂ ಆಗದೆ, ಚಪ್ಪಲಿ ನೋಡಿಕೊಳ್ಳುತ್ತಿದ್ದ.

ಮುಂದಿನ ಭಾನುವಾರ ನಾನು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ಹೊಸಮನೆಯಲ್ಲಿ ಬಾಸ್ಕೆಟ್‌ಬಾಲಿನವನ ಮನೆ ಎಂದರೆ ಯಾರಾದರೂ ತೋರಿಸುತ್ತಿದ್ದರು. ಅವನು ಜಗಲಿಯಲ್ಲಿ ಅಣ್ಣನ ಜೊತೆ ಒಂದು ಪಂಪು ಸ್ಟೌವು ಬಿಚ್ಚಿಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದು, ಕೈ ಒರೆಸಿಕೊಂಡು, ಒಳಗಿನಿಂದ ಕುರ್ಚಿ ತಂದು ಹಾಕಿದ. ತಾಯಿ ಪರದೆಯ ಹಿಂದಿನಿಂದ ಚಹಾ ಕಳಿಸಿದರು.

ನಾನು ಸುತ್ತುಬಳಸಲಿಲ್ಲ. ಹಾಳೆಯ ವಿಷಯ ಹೇಳಿದೆ. ಅದರಲ್ಲಿದ್ದ ವಾಕ್ಯವನ್ನೂ ಹೇಳಿದೆ. ಕಿಟಕಿಯಲ್ಲಿ ಅವನ ಕೈ ಕಂಡದ್ದು, ಎರಡು ಪುಸ್ತಕ, ಆಫೀಸರ ಮಾತು, ಎಲ್ಲ ಹೇಳಿದೆ. ಅವನು ಸ್ಟೌವಿನ ಪಿನ್ನನ್ನು ಬೆರಳಲ್ಲಿ ಹೊರಳಿಸುತ್ತ ಕೇಳಿದ. ಅಣ್ಣ ಏನೋ ಹೇಳಲು ಹೊರಟಾಗ, "ಚುಪ್ ರಹೋ ಭಾಯ್, ಸಾರ್ ಹೇಳ್ಲಿ" ಎಂದು ತಡೆದ.

"ನೀನು ಒಂದು ಮಾತು ಹೇಳಬಹುದಿತ್ತಲ್ಲಪ್ಪಾ. ದಿನಾ ಒಂದೇ ಲಾರೀಲಿ ಹೋಗ್ತಿದ್ವಿ" ಎಂದೆ.

ಅವನಿಗೆ ನಿಜವಾಗಿಯೂ ಆಶ್ಚರ್ಯವಾದಂತೆ ಕಂಡಿತು.

"ನಿಮಗೆ ಗೊತ್ತಿತ್ತಲ್ಲ ಸಾರ್" ಎಂದ. "ಹಾಜರಿ ಬರೆಯೋರೇ ನೀವು. ಚೀಟಿ ಬರೆಯೋರೂ ನೀವು. ಉಳಿದೋರಿಗೆ ಗೊತ್ತಿಲ್ದೆ ಇದ್ರೂ ನಿಮ್ಮ ಪುಸ್ತಕದಲ್ಲಿ ಇರುತ್ತೆ ಅಂದ್ಕೊಂಡಿದ್ದೆ. ಬೇರೆ ಯಾರಿಗೂ ಹೇಳ್ಲಿಲ್ಲ ನಾನು, ಅದಕ್ಕೇ."

ನನ್ನ ಕೈಯಲ್ಲಿದ್ದ ಚಹಾ ಹಾಗೇ ಇತ್ತು. ಕುಡಿಯದೆ ಇಡುವುದು ಅವಮಾನ.

"ಕುಡೀರಿ ಸಾರ್, ಆರ್ತದೆ" ಎಂದ. ಅಣ್ಣ ಈಗ ಸುಮ್ಮನಿರಲಿಲ್ಲ. "ಪುಸ್ತಕ ಬರೆಯೋರು ಹೊಟ್ಟೆ ಮೇಲೂ ಬರೀತಾರೆ ಅಂತ ಗೊತ್ತಿರ್ಲಿಲ್ಲ" ಎಂದ. ಎಡಗೈಯವನು ಪಿನ್ನನ್ನು ಕೆಳಗಿಟ್ಟ. ಸ್ಟೌವಿನ ಕಡೆ ತಿರುಗಿದ. ಅದು ಹೊಸ ಸ್ಟೌವು, ಕ್ವಾರ್ಟರ್ಸಿಗೆಂದು ತಂದಿಟ್ಟದ್ದು, ಈಗ ಅಣ್ಣನ ಮನೆಗೇ ಆಯಿತು ಎಂದು ಬಾಗಿಲವರೆಗೆ ಬಂದು ಬೀಳ್ಕೊಡುವಾಗ ಹೇಳಿದ. ದೂರುವ ಧ್ವನಿಯಲ್ಲಿ ಅಲ್ಲ.

ಎರಡು ತಿಂಗಳಾದ ಮೇಲೆ ಆ ಬಿಲ್ಲೆ ಬೋರ್ಡಿಗೆ ಬರುವುದು ನಿಂತಿತು. ಮೂರು ದಿನ ಅಡ್ಡಗೆರೆ ಎಳೆದೆ. ನಾಲ್ಕನೇ ದಿನ ಯಾರ್ಡಿನ ಮೇಸ್ತ್ರಿ ಬಿಲ್ಲೆಯನ್ನು ತಂದು ಕೊಟ್ಟು, "ಅವನು ಬಿಟ್ಟ ಕಣ್ರೀ, ಇದನ್ನ ಬೇರೆಯೋರಿಗೆ ಕೊಡಿ" ಎಂದ. ಸೋಮವಾರ ಅದೇ ನಂಬರು ಇನ್ನೊಂದು ಕೈಯಲ್ಲಿ ಕಂಡಿಯೊಳಗೆ ಬಂತು.

ಸ್ಕೋರು ಬರೆಯುವುದನ್ನು ನಾನು ಬಿಡಲಿಲ್ಲ. ಬಿಡಬೇಕೆಂದುಕೊಂಡೆ, ಆದರೆ ಬೇರೆ ಏನೂ ಬರದು ನನಗೆ. ಮುಂದಿನ ವರ್ಷದ ಪುಸ್ತಕದಿಂದ ಪ್ರತಿ ನಂಬರಿನ ಮುಂದೆ ಒಂದು ಮನೆ ಹೆಚ್ಚಿಗೆ ಎಳೆದೆ. ಅಂದು ಬೆಳಿಗ್ಗೆ ಎಷ್ಟಕ್ಕೆ ಎದ್ದ, ಯಾವ ಪಾಳಿ ಮುಗಿಸಿ ಬಂದ ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ಆಟಗಾರರು ನಗುತ್ತಿದ್ದರು. "ಊಟಕ್ಕೆ ಏನಿತ್ತು ಅಂತಾನೂ ಬರ್ಕೊಳ್ಳಿ" ಎನ್ನುತ್ತಿದ್ದರು. ಅದನ್ನೂ ಬರೆದುಕೊಂಡದ್ದುಂಟು. ಯಾರಿಗೆ ಎಷ್ಟು ಚಾನ್ಸು ಎಂದು ಕೇಳಿದರೆ ಮಾತ್ರ ಹೇಳುತ್ತಿರಲಿಲ್ಲ. ಪಂಚಾಂಗಕ್ಕೆ ಜಂಬ ಬಂತು ಎಂದರು. ಕ್ರಮೇಣ ಕೇಳುವುದನ್ನೇ ಬಿಟ್ಟರು. ಕಾಫಿ ಬಿಸಿಯಾಗಿ ಸಿಗತೊಡಗಿತು.

ನಾಲ್ಕೈದು ವರ್ಷದ ಮೇಲೆ ಶಿವಮೊಗ್ಗದ ಆಲ್ಕೊಳದ ಹತ್ತಿರ ನಾನಿದ್ದ ಬಸ್ಸಿನ ಚಕ್ರ ಪಂಕ್ಚರಾಗಿ ನಿಂತಿತು. ಪಕ್ಕದಲ್ಲೇ ಒಂದು ತಗಡಿನ ಗ್ಯಾರೇಜು. ಅಲ್ಲಿ ಲಾರಿಯ ಟೈರೊಂದನ್ನು ಎಡಗೈಯಿಂದ ಹೊರಳಿಸುತ್ತಿದ್ದವನ ಮುಖ ನೋಡುವ ಮೊದಲೇ ನನಗೆ ಗುರುತು ಸಿಕ್ಕಿತು. ಅವನೂ ನೋಡಿದ. ಬಂದು ನಿಂತ.

"ಚೆನ್ನಾಗಿದೀರಾ ಸಾರ್? ಈಗ್ಲೂ ಬರೀತೀರಾ?"

"ಸ್ಕೋರು ಬರೀತೀನಿ. ಬೇರೇನೂ ಬರೆಯಲ್ಲ."

"ಹೂಂ" ಎಂದ. ಗ್ಯಾರೇಜಿನ ಹಿಂದೆ ಹೆಂಚಿನ ಸಣ್ಣ ಮನೆಯೊಂದಿತ್ತು. ಬಾಗಿಲಲ್ಲಿ ಹೆಂಗಸೊಬ್ಬಳು ಬಿಂದಿಗೆ ಹಿಡಿದು ನಿಂತವಳು ನನ್ನನ್ನು ಕಂಡು ಸೆರಗು ಮುಂದೆಳೆದುಕೊಂಡಳು. ಅವನು ಹೋಗಿ ಅವಳ ಕೈಯಿಂದ ಬಿಂದಿಗೆ ತೆಗೆದುಕೊಂಡು ರಸ್ತೆ ದಾಟಿ ಕೆಳಕ್ಕೆ ಇಳಿದ.

ಚಕ್ರ ಹಾಕಿಯಾಗಿತ್ತು. ಕಂಡಕ್ಟರು ಕರೆಯುತ್ತಿದ್ದ. ಅವನು ತಿರುಗಿ ಬರುವುದನ್ನು ನೋಡಲೆಂದು ಕಿಟಕಿಯ ಪಕ್ಕ ಕೂತೆ. ಎಷ್ಟು ದೂರ ಹೋಗಿ ನೀರು ತರುತ್ತಾನೋ, ಬಸ್ಸು ಹೊರಡುವವರೆಗೂ ಬರಲಿಲ್ಲ.